ಪಟ್ಟಿಯಲ್ಲಿ ಇಲ್ಲದ ಹೆಸರು

ಪಿರಿಯಾಪಟ್ಟಣದ ಕೋರ್ಟಿನ ಹಜಾರದಲ್ಲಿ ಒಂದು ಬೆಳಿಗ್ಗೆ ನಡುವಯಸ್ಸಿನ ಹೆಂಗಸೊಬ್ಬರು ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದರು. ಜೊತೆಗೆ ಬಂದಿದ್ದ ಹೈಸ್ಕೂಲು ಹುಡುಗ ಆ ದಿನದ ಕೇಸುಗಳ ಪಟ್ಟಿಯ ಮೇಲೆ ಬೆರಳಾಡಿಸುತ್ತ ಎರಡು ಸಲ ಓದಿದ. ಹುಡುಕಿದ ಹೆಸರು ಸಿಗಲಿಲ್ಲ. ನಾನು ಕರಿ ಕೋಟು ಏರಿಸಿಕೊಳ್ಳುತ್ತ ಒಳಗೆ ಹೋಗುವವನಿದ್ದೆ. 'ಸಾ, ಇವತ್ತು ನನ್ ಕೇಸು ಅಂತ ಪೊಲೀಸ್ನೋರು ಚೀಟಿ ಕೊಟ್ರು. ಇಲ್ಲಿ ನನ್ ಹೆಸ್ರೇ ಇಲ್ವಲ್ಲ' ಎಂದರು.

ಚೀಟಿ ಅಂದರೆ ಸಮನ್ಸ್. ಬೇಲಿ ಜಗಳದಲ್ಲಿ ಗಂಡನ ಅಣ್ಣ ದೊಣ್ಣೆಯಿಂದ ಹೊಡೆದು ಮುಂಗೈ ಮೂಳೆ ಮುರಿದ ಕೇಸು. ಪಟ್ಟಿಯಲ್ಲಿ ಇತ್ತು: ಒಂದು ಕಡೆ ಕರ್ನಾಟಕ ಸರ್ಕಾರ, ಇನ್ನೊಂದು ಕಡೆ ಆ ಬಾವನ ಹೆಸರು. 'ಇದೇ ನಿಮ್ಮದು' ಎಂದು ತೋರಿಸಿದೆ. ಹುಡುಗ ಗಟ್ಟಿಯಾಗಿ ಓದಿದ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: 'ಏಟು ತಿಂದೋಳು ನಾನು. ಕೇಸು ಸರ್ಕಾರದ್ದಾ?'

'ಹೌದಮ್ಮ, ಕಾನೂನು ಹಾಗೆ' ಎಂದು ಒಳಗೆ ಹೋದೆ. ಹತ್ತೂವರೆ ಆಗಿತ್ತು, ಕೈಯಲ್ಲಿ ಹದಿನೇಳು ಫೈಲುಗಳಿದ್ದವು.

ಆಗ ನಾನು ಸಹಾಯಕ ಸರ್ಕಾರಿ ಅಭಿಯೋಜಕ (ಎ.ಪಿ.ಪಿ.), ಜೊತೆಗೆ ಸಹಾಯಕ ಸರ್ಕಾರಿ ವಕೀಲ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಇವೆರಡೂ ಒಬ್ಬನದೇ ಹುದ್ದೆ. ಕ್ರಿಮಿನಲ್ ಕೇಸಿನಲ್ಲಿ ಸರ್ಕಾರದ ಪರ ಆರೋಪ ಸಾಬೀತು ಮಾಡಬೇಕು, ಸಿವಿಲ್ ದಾವೆಯಲ್ಲಿ ಸರ್ಕಾರದ ಜಮೀನು ಉಳಿಸಬೇಕು. ಜನರ ಬಾಯಲ್ಲಿ ನಾನು 'ಸರ್ಕಾರಿ ಲಾಯ್ರು', ಠಾಣೆಯವರ ಬಾಯಲ್ಲಿ 'ನಮ್ ಪಿ.ಪಿ. ಸಾಹೇಬ್ರು'. ಆ 'ನಮ್' ಎಂಬುದರಲ್ಲೇ ತಕರಾರು ಇದೆ. ಒಂದು ಕಾಲಕ್ಕೆ ಈ ಕೆಲಸವನ್ನು ಪೊಲೀಸ್ ಪ್ರಾಸಿಕ್ಯೂಟರುಗಳೇ ಮಾಡುತ್ತಿದ್ದರು. ಹೊಸ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಅದರ 25ನೇ ಕಲಂ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಪೊಲೀಸರಲ್ಲದ ಅಭಿಯೋಜಕರನ್ನು ತಂದು ಕೂರಿಸಿತು. ತನಿಖೆ ಮಾಡುವ ಕೈ ಬೇರೆ, ಅದನ್ನು ಕೋರ್ಟಿನ ಮುಂದಿಡುವ ಕೈ ಬೇರೆ ಇರಲಿ ಎಂಬುದು ಅದರ ಉದ್ದೇಶ. ಕಾನೂನು ಬದಲಾಗಿ ಇಪ್ಪತ್ತು ವರ್ಷ ಕಳೆದ ಮೇಲೂ ಠಾಣೆಯವರಿಗೆ ಪಿ.ಪಿ. ನಮ್ಮವನೇ.

ಮೈಸೂರಿನ ಶಾರದಾವಿಲಾಸ ಕಾನೂನು ಕಾಲೇಜಿನಲ್ಲಿ ಓದಿ, ಕೆಲವು ವರ್ಷ ಹಿರಿಯ ವಕೀಲರೊಬ್ಬರ ಚೇಂಬರಿನಲ್ಲಿ ವಾಯಿದೆ ಬರೆದುಕೊಳ್ಳುತ್ತಿದ್ದವನು ಪರೀಕ್ಷೆ ಬರೆದು ಸರ್ಕಾರಿ ಕೆಲಸಕ್ಕೆ ಸೇರಿದೆ. ಮೊದಲ ಪೋಸ್ಟಿಂಗ್ ಹುಣಸೂರು. ಆಮೇಲೆ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಮತ್ತೆ ಹುಣಸೂರು. ನಡುನಡುವೆ ಎಲ್ಲಾದರೂ ಹುದ್ದೆ ಖಾಲಿಯಾದರೆ ಅದರ ಪ್ರಭಾರವೂ ಹೆಗಲಿಗೆ ಬೀಳುತ್ತಿತ್ತು. ವಾರದಲ್ಲಿ ಮೂರು ದಿನ ಇಲ್ಲಿ, ಎರಡು ದಿನ ಅಲ್ಲಿ. ಟಿಫನ್ ಕ್ಯಾರಿಯರ್, ಕೋಟು, ಫೈಲಿನ ಗಂಟು ಹಿಡಿದು ಕೆಂಪು ಬಸ್ಸು ಕಾಯುವುದರಲ್ಲಿ ನನ್ನ ನೌಕರಿಯ ಒಂದು ಭಾಗ ಕಳೆದುಹೋಯಿತು.

ಹುಣಸೂರಿನಲ್ಲಿ ನಡೆಸಿದ ಮೊದಲ ದೊಡ್ಡ ಕೇಸು ಭಾರತೀಯ ದಂಡ ಸಂಹಿತೆಯ 326ನೇ ಕಲಮಿನದು. ಮಚ್ಚಿನ ಏಟು. ಗಾಯಾಳು ಸಣ್ಣ ಹೊಗೆಸೊಪ್ಪಿನ ರೈತ. ಬಲಗೈಯ ಎರಡು ಬೆರಳಿನ ನರ ಕತ್ತರಿಸಿದೆ ಎಂದು ವೈದ್ಯರ ಪ್ರಮಾಣಪತ್ರ ಹೇಳುತ್ತಿತ್ತು. ರಕ್ತದ ಕಲೆಯಿದ್ದ ಮಚ್ಚು ಮುದ್ದೆಮಾಲಾಗಿ ಬಂದಿತ್ತು. ಹೊಸಬನಾದ ನನಗೆ ಇದು ಬಿದ್ದುಹೋಗುವ ಕೇಸಲ್ಲ ಅನ್ನಿಸಿತ್ತು. ಆತ ಕಟಕಟೆ ಹತ್ತಿದ, ದೇವರ ಮೇಲೆ ಪ್ರಮಾಣ ಮಾಡಿದ, 'ಬ್ಯಾರನ್ನಲ್ಲಿ ಕಡ್ಡಿ ಏರಿಸ್ತಾ ಇದ್ದೆ ಸ್ವಾಮಿ, ಜಾರಿ ಕತ್ತಿ ಮೇಲೆ ಬಿದ್ದೆ. ಯಾರೂ ಹೊಡ್ದಿಲ್ಲ' ಎಂದ. ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಅನುಮತಿ ಕೇಳಿ ನಾನೇ ಪಾಟಿಸವಾಲು ಮಾಡಿದೆ. ಕೇಳಿದ್ದಕ್ಕೆಲ್ಲ 'ಇಲ್ಲ', 'ಗೊತ್ತಿಲ್ಲ', 'ಹಂಗೆ ಹೇಳಿಲ್ಲ'. ನನ್ನ ದನಿ ಏರಿತು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು.

ಸಾಕ್ಷ್ಯ ಮುಗಿದ ಮೇಲೆ ಹೇಳಿಕೆಗೆ ಸಹಿ ಹಾಕಬೇಕು. ಆತ ಪೆನ್ನು ತೆಗೆದುಕೊಂಡು ಹಿಡಿಯಲು ನೋಡಿದ. ಬೆರಳು ಮಡಚಲಿಲ್ಲ. ಪೆನ್ನು ಮೇಜಿನ ಮೇಲಿಟ್ಟು ಎಡಗೈ ಹೆಬ್ಬೆಟ್ಟು ಚಾಚಿದ. ಬೆಂಚ್ ಕ್ಲರ್ಕು ಇಂಕು ಪ್ಯಾಡು ಮುಂದೆ ತಳ್ಳಿದರು. ಠಾಣೆಯಲ್ಲಿ ಕೊಟ್ಟ ದೂರಿನ ಕೆಳಗೆ ಅದೇ ಮನುಷ್ಯನ ದುಂಡನೆಯ ಸಹಿ ಇತ್ತು.

ಕೋರ್ಟ್ ಕೆಲಸಕ್ಕೆ ಹಾಕಿದ್ದ ಕಾನ್‌ಸ್ಟೇಬಲ್ ಮಧ್ಯಾಹ್ನ ಟೀ ಅಂಗಡಿಯಲ್ಲಿ ಬಿಡಿಸಿ ಹೇಳಿದ: 'ಸಾರ್, ಆಸಾಮಿಗೆ ಸ್ವಂತ ಬ್ಯಾರನ್ ಇಲ್ಲ. ಸೊಪ್ಪು ಬೇಯ್ಸೋದು ಆರೋಪಿ ಬ್ಯಾರನ್ನಲ್ಲೇ. ಈಗ ಸೊಪ್ಪು ಮುರಿಯೋ ಕಾಲ.' ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯ ವರ್ಜೀನಿಯಾ ತಂಬಾಕಿನ ಸಂಗತಿ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಮುರಿದ ಹಸಿ ಸೊಪ್ಪು ಕಾಯುವುದಿಲ್ಲ. ಕಡ್ಡಿಗೆ ಕಟ್ಟಿ ಬ್ಯಾರನ್ನಿಗೇರಿಸಿ ಸೌದೆ ಉರಿಯಲ್ಲಿ ದಿನಗಟ್ಟಲೆ ಹದವಾಗಿ ಬೇಯಿಸಬೇಕು. ಬೇರೆಯವನು ಬ್ಯಾರನ್ನಿನ ಬಾಗಿಲು ಹಾಕಿದರೆ ವರ್ಷದ ದುಡಿಮೆ ಗೊಬ್ಬರ. 326ಕ್ಕೆ ಕಾನೂನಿನಲ್ಲಿ ರಾಜಿ ಇರಲಿಲ್ಲ. ಹಾಗಾಗಿ ರಾಜಿ ಊರಲ್ಲೇ ಆಗಿ, ಕೋರ್ಟಿಗೆ 'ಜಾರಿ ಬಿದ್ದೆ' ಎಂಬ ಮಾತು ಮಾತ್ರ ಬಂದಿತ್ತು. ಆರೋಪಿ ಖುಲಾಸೆ. ನಾನು ಕೂಗಾಡಿದ್ದು ಎರಡು ಬೆರಳು ಕಳೆದುಕೊಂಡವನ ಮೇಲೆ.

ಅಂದಿನಿಂದ ಅರ್ಧ ಗಂಟೆ ಮುಂಚೆ ಹೋಗಿ ಹಜಾರದ ಬೆಂಚಿನ ಮೇಲೆ ಸಾಕ್ಷಿಗಳ ಜೊತೆ ಕೂರುವುದನ್ನು ರೂಢಿ ಮಾಡಿಕೊಂಡೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಏನೆಂದರೆ ಕೆಲವು ದಿನ ಕೂತೆ, ಹಲವು ದಿನ ಬಸ್ಸು ತಡವಾಯಿತು.

ಕೂತ ದಿನಗಳಲ್ಲಿ ಒಂದು ವಿಷಯ ತಿಳಿಯಿತು. ಸಾಕ್ಷಿಗಳಿಗೆ ತಮ್ಮ ಹೇಳಿಕೆಯೇ ಅರ್ಥವಾಗುತ್ತಿರಲಿಲ್ಲ. ಠಾಣೆಯ ಕನ್ನಡವೇ ಬೇರೆ. 'ಸದರಿ ಆಸಾಮಿಯು ಏಕಾಏಕಿ ಬಂದು ಅವಾಚ್ಯ ಶಬ್ದಗಳಿಂದ ಬೈದು ಕೈಗಳಿಂದ ಹೊಡೆದು ಪ್ರಾಣ ಬೆದರಿಕೆ ಹಾಕಿರುತ್ತಾನೆ.' ಈ ವಾಕ್ಯವನ್ನು ನಾನು ಸಾವಿರ ಸಲ ಓದಿದ್ದೇನೆ. ಜೀವಂತ ಮನುಷ್ಯನೊಬ್ಬ ಆಡಿದ್ದನ್ನು ಒಂದು ಸಲವೂ ಕೇಳಿಲ್ಲ. 'ಅವಾಚ್ಯ ಅಂತ ಹೇಳಿದ್ದೀರಲ್ಲ, ಹಾಗಂದರೇನು?' ಎಂದು ಆರೋಪಿ ಪರ ವಕೀಲರು ಕೇಳಿದರೆ ಸಾಕ್ಷಿ ಕಣ್ಣುಕಣ್ಣು ಬಿಡುತ್ತಿದ್ದ. 504ನೇ ಕಲಮಿಗೆ ಬರೀ 'ಬೈದ' ಸಾಲುತ್ತಿರಲಿಲ್ಲ, ಬೈದ ಮಾತು ಕೋರ್ಟಿನ ಮುಂದೆ ಬರಬೇಕಿತ್ತು. ಕೆ.ಆರ್. ನಗರದಲ್ಲಿ ಒಬ್ಬ ಅಜ್ಜಿಯನ್ನು ಕೇಳಿದೆ: 'ಏನಂತ ಬೈದ ಹೇಳಿ ಅಜ್ಜಿ.' ಅಜ್ಜಿ ನ್ಯಾಯಾಧೀಶರನ್ನು ನೋಡಿದರು, ವಕೀಲರ ಸಾಲು ನೋಡಿದರು. 'ಇಷ್ಟು ಜನ ದೊಡ್ಡೋರ ಮುಂದೆ ಆ ಮಾತು ನಾನೆಂಗಪ್ಪ ಆಡ್ಲಿ? ಅವನಿಗಿಲ್ದಿದ್ರೂ ನಂಗೆ ಮಾನ ಇಲ್ವಾ?' ಎಂದರು. ಕೋರ್ಟು ನಕ್ಕಿತು. 504 ಬಿತ್ತು.

ಕೆ.ಆರ್. ನಗರದ್ದು ನೀರಿನ ಜಗಳ. ಭತ್ತದ ಸೀಮೆ, ನಾಲೆ ಹಳೆಯದು, ಜಗಳವೂ ಹಳೆಯದು. ತೂಬಿನಿಂದ ಗದ್ದೆಗೆ ನೀರು ಕಟ್ಟುವ ಸರದಿಯಲ್ಲಿ ರಾತ್ರಿ ಎರಡು ಗಂಟೆಗೆ ಗುದ್ದಲಿ ಎತ್ತುತ್ತಾರೆ, ಬೆಳಿಗ್ಗೆ ಇಬ್ಬರೂ ಠಾಣೆಯಲ್ಲಿರುತ್ತಾರೆ. ಒಂದು ಕೇಸು, ಒಂದು ಕೌಂಟರ್ ಕೇಸು. ಎರಡರಲ್ಲೂ ಫಿರ್ಯಾದಿ ಸರ್ಕಾರವೇ, ಎಂದರೆ ನಾನೇ. ಬೆಳಿಗ್ಗೆ ನನ್ನ ಮೊದಲ ಸಾಕ್ಷಿಯಾಗಿ ನಿಂತವನು ಮಧ್ಯಾಹ್ನ ನನ್ನದೇ ಇನ್ನೊಂದು ಕೇಸಿನಲ್ಲಿ ಎರಡನೇ ಆರೋಪಿ. ಹನ್ನೊಂದಕ್ಕೆ ಇವನು ಹೇಳಿದ್ದೆಲ್ಲ ಸತ್ಯ ಎಂದು ವಾದಿಸಿ, ಮೂರಕ್ಕೆ ಇವನು ಹೇಳುವುದೆಲ್ಲ ಸುಳ್ಳು ಎನ್ನಬೇಕು. ಎರಡನ್ನೂ ಒಬ್ಬರೇ ನ್ಯಾಯಾಧೀಶರು ವಿಚಾರಣೆ ಮಾಡಬೇಕೆಂಬುದು ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಕ್ರಮ. ಅಭಿಯೋಜಕರು ಇಬ್ಬರಿರುವುದು ಒಳ್ಳೆಯದು. ತಾಲ್ಲೂಕಿನಲ್ಲಿ ಇನ್ನೊಬ್ಬನನ್ನು ಎಲ್ಲಿಂದ ತರುವುದು? ಅಲ್ಲಿಯ ಹಿರಿಯ ವಕೀಲರೊಬ್ಬರು 'ಸಾಹೇಬ್ರೆ, ಊಟಕ್ಕೆ ಮುಂಚೆ ಒಂದು ನಾಲಗೆ, ಊಟ ಆದ್ಮೇಲೆ ಒಂದು ನಾಲಗೆ' ಎಂದು ಚುಡಾಯಿಸುತ್ತಿದ್ದರು. ಉತ್ತರ ಕೊಡಲು ನನಗೆ ಬಾಯಿರಲಿಲ್ಲ.

ಪಂಚರ ಬಗ್ಗೆ ಒಂದು ಮಾತು. ನಾಲ್ಕು ಊರಲ್ಲಿ ಯಾವುದು ಎಂದು ಹೇಳುವುದಿಲ್ಲ, ಒಂದು ಠಾಣೆಯ ಎದುರು ಬೀಡಿ ಅಂಗಡಿಯವನೊಬ್ಬ ಕಂಡ ಕಂಡ ಮಹಜರಿಗೆಲ್ಲ ಸಹಿ ಹಾಕಿದ್ದ. ಮಟ್ಕಾ, ಜೂಜು, ಸಾರಾಯಿ, ಕಳವು, ಎಲ್ಲದಕ್ಕೂ ಅವನೇ ಪಂಚ. ಪಾಟಿಸವಾಲಿನಲ್ಲಿ 'ಇದುವರೆಗೆ ಎಷ್ಟು ಮಹಜರಿಗೆ ಸಹಿ ಹಾಕಿದ್ದೀಯಪ್ಪ?' ಎಂದು ಕೇಳಿದಾಗ ಅವನು ಮುಚ್ಚುಮರೆಯಿಲ್ಲದೆ ಹೇಳಿದ: 'ಲೆಕ್ಕ ಇಟ್ಟಿಲ್ಲ ಸ್ವಾಮಿ. ಕರೆದಾಗ ಹೋಗ್ತೀನಿ. ಟೀ ಕುಡಿಸ್ತಾರೆ.' ಇಡೀ ವಿಚಾರಣೆಯಲ್ಲಿ ಸಂಪೂರ್ಣ ನಂಬಬಹುದಾದ ಸಾಕ್ಷ್ಯ ಅದೊಂದೇ ಇತ್ತು, ಮತ್ತು ಅದು ನನ್ನ ಕೇಸನ್ನು ಕೊಂದಿತು.

ಈಗ ಬರೆಯಲು ಮನಸ್ಸಿಲ್ಲದ ಭಾಗ. ಎಚ್.ಡಿ. ಕೋಟೆಯಲ್ಲಿ ಪ್ರಭಾರದಲ್ಲಿದ್ದಾಗಿನದು. ತೊಂಬತ್ತರ ದಶಕದ ನಡುವೆ. ನಾಗರಹೊಳೆ ಕಾಡಂಚಿನ ಹಾಡಿಯೊಂದರ ಜೇನುಕುರುಬ, ಐವತ್ತರ ಆಸುಪಾಸು, ಅರಣ್ಯ ಕಾಯ್ದೆ ಕೇಸಿನ ಆರೋಪಿ. ಕಾಡಿನಿಂದ ಜೇನು ತಂದ ಎಂಬುದು ಆರೋಪ. ಹಿಂದಿನ ವಾಯಿದೆಗೂ ಬಂದಿದ್ದ. ಅಂದು ನಾನು ಇನ್ನೊಂದು ತಾಲ್ಲೂಕಿನಲ್ಲಿದ್ದೆ, ಕೇಸು ಮುಂದಕ್ಕೆ ಹೋಗಿತ್ತು. ಈ ಸಲ ಹಿಂದಿನ ದಿನವೇ ನಡೆದು ಬಂದು ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದನಂತೆ. ನ್ಯಾಯಾಧೀಶರು ಆರೋಪ ಓದಿ ಹೇಳಿದರು. 'ಊ ಬುದ್ಧಿ, ಜೇನು ಕಿತ್ತೆ' ಎಂದ. 'ವಕೀಲರು ಬೇಕೇನಪ್ಪ?' ಎಂದು ಅವರು ಎರಡು ಸಲ ಕೇಳಿದರು. 'ಬ್ಯಾಡ ಬುದ್ಧಿ. ಕಿತ್ತದ್ದು ನಿಜ್ವೇ ಅಲ್ವಾ.'

ಆ ಹೊತ್ತಿಗೆ ನಾನು ನಾಲ್ಕಾರು ವರ್ಷ ಸಾಕ್ಷಿಗಳ ಸುಳ್ಳು ಕೇಳಿ ಕೇಳಿ ಹಣ್ಣಾಗಿದ್ದೆ. ಕಟಕಟೆಯಲ್ಲಿ ನಿಂತು ತನಗೇ ಕೇಡಾಗುವ ನಿಜ ಹೇಳುವ ಮನುಷ್ಯ ಎದುರಿದ್ದ. ನಾನು ಮಾಡಿದ್ದೇನು? ತಿಂಗಳ ಸ್ಟೇಟ್‌ಮೆಂಟಿಗೆ ಒಂದು ಶಿಕ್ಷೆ ಸಿಕ್ಕಿತು ಎಂದುಕೊಂಡೆ. ಎಷ್ಟು ಕೇಸು ವಿಲೇವಾರಿ, ಎಷ್ಟು ಶಿಕ್ಷೆ, ಎಷ್ಟು ಖುಲಾಸೆ ಎಂದು ಪ್ರತಿ ತಿಂಗಳೂ ಮೇಲಕ್ಕೆ ಲೆಕ್ಕ ಕಳಿಸಬೇಕು. ನನ್ನ ಕಾಲಂನಲ್ಲಿ ಖುಲಾಸೆಗಳೇ ತುಂಬಿದ್ದವು. ಕೋರ್ಟ್ ಏಳುವವರೆಗೆ ಕೂರುವ ಶಿಕ್ಷೆ ಮತ್ತು ಸಣ್ಣ ದಂಡ. ದಂಡವನ್ನು ಹಾಡಿಯಿಂದ ಜೊತೆಗೆ ಬಂದಿದ್ದವರು ಚಿಲ್ಲರೆ ಕೂಡಿಸಿ ಕಟ್ಟಿದರು. ಆತ ಗೋಡೆಗೊರಗಿ ನೆಲದ ಮೇಲೆ ಕೂತ. ಸಂಜೆ ನ್ಯಾಯಾಧೀಶರು ಎದ್ದು ಹೋದರು, ನಾವೂ ಎದ್ದೆವು. ಅಟೆಂಡರ್ ಕಿಟಕಿ ಹಾಕಲು ಬಂದಾಗ ಆತ ಇನ್ನೂ ಕೂತೇ ಇದ್ದ. ಹೋಗಬಹುದು ಎಂದು ಯಾರೂ ಹೇಳಿರಲಿಲ್ಲ.

ಮುಗಿದ ಫೈಲು ಕಟ್ಟುವಾಗ ಮಹಜರನ್ನು ಓದಿದೆ. ಮುಂಚೆಯೇ ಓದಬೇಕಿತ್ತು. ಜೇನಿನ ಡಬ್ಬ ವಶಪಡಿಸಿಕೊಂಡ ಜಾಗದ ಚಕ್ಕುಬಂದಿ ಹಾಡಿ ಪಕ್ಕದ ಖಾಸಗಿ ಹೊಲದ್ದು. ಕಾಡಿನೊಳಗೆ ಕಿತ್ತದ್ದಕ್ಕೆ ಅವನ 'ಊ' ಬಿಟ್ಟರೆ ಬೇರೆ ಸಾಕ್ಷ್ಯವೇ ಇರಲಿಲ್ಲ. ಪರಿಶಿಷ್ಟ ಪಂಗಡದವನಿಗೆ ಉಚಿತ ವಕೀಲರ ಹಕ್ಕಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಅದನ್ನೇ ಹೇಳುತ್ತದೆ, ಆಗಷ್ಟೇ ಜಾರಿಗೆ ಬಂದಿತ್ತು. 'ಇದು ನಿನಗೆ ದುಡ್ಡಿಲ್ಲದೆ ಸಿಗುತ್ತದೆ' ಎಂಬ ಒಂದು ಮಾತು ನಾನು ಹೇಳಿದ್ದರೆ ಸಾಕಿತ್ತು.

1999ರಲ್ಲಿ ಶಿವಕುಮಾರ್ ವಿರುದ್ಧ ಹುಕಂ ಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಹೇಗಾದರೂ ಸರಿ ಶಿಕ್ಷೆ ಆಗಲೇಬೇಕೆಂಬ ದಾಹ ಅಭಿಯೋಜಕನಿಗೆ ಇರಬಾರದು. ಆರೋಪಿಗೆ ಸಲ್ಲಬೇಕಾದ ಅನುಕೂಲವಿದ್ದರೆ, ಅವನ ವಕೀಲನೇ ಅದನ್ನು ಮರೆತರೂ, ಅಭಿಯೋಜಕ ಕೋರ್ಟಿನ ಗಮನಕ್ಕೆ ತರಬೇಕು ಎಂಬುದು ಅದರ ತಾತ್ಪರ್ಯ. ಹುಣಸೂರಿನ ಬಾರ್ ರೂಮಿನಲ್ಲಿ ಕೂತು ಅದನ್ನು ಓದುವಾಗ ಆ ಗೋಡೆ, ಆ ಮನುಷ್ಯ ಕಣ್ಣ ಮುಂದೆ ಬಂದರು. ಆಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಿಗೆ ಜೇನೂ ಸೇರಿದಂತೆ ಕಿರು ಅರಣ್ಯ ಉತ್ಪನ್ನಗಳ ಹಕ್ಕು ಕೊಟ್ಟಿತು. ಆತನ ಹೆಸರು ಶಿಕ್ಷೆಯ ರಿಜಿಸ್ಟರಿನಲ್ಲಿ ಹಾಗೇ ಉಳಿದಿದೆ. ಬರೆಸಿದವನು ನಾನು.

ಸಿವಿಲ್ ಕಡೆಯ ಕೆಲಸದ ಬಗ್ಗೆ ಹೆಚ್ಚು ಹೇಳಲಾರೆ. ಸರ್ಕಾರದಷ್ಟು ಸೋಮಾರಿ ಕಕ್ಷಿದಾರ ಇನ್ನೊಬ್ಬನಿಲ್ಲ. ಗೋಮಾಳ ಒತ್ತುವರಿ ದಾವೆಗೆ ಪ್ಯಾರಾವೈಸ್ ಉತ್ತರ ಕಳಿಸಿ ಎಂದು ಬರೆದ ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಗೋಮಾಳದಲ್ಲಿ ತೆಂಗು ಫಲ ಕೊಡುತ್ತಿರುತ್ತದೆ. ಹಳೇ ಕಾಗದಗಳಲ್ಲಿ 'ಎಡತೊರೆ ತಾಲ್ಲೂಕು' ಎಂದಿದ್ದರೆ ಹೊಸ ಗುಮಾಸ್ತರು ಅದು ನಮ್ಮದಲ್ಲ ಎಂದು ಹಿಂದಕ್ಕೆ ಕಳಿಸುತ್ತಿದ್ದರು, ಕೆ.ಆರ್. ನಗರದ ಹಳೆಯ ಹೆಸರು ಅದು ಎಂದು ತಿಳಿಸಿ ಮತ್ತೊಂದು ಪತ್ರ ಬರೆಯಬೇಕು. ನನಗೆ ಕಷ್ಟವಾಗುತ್ತಿದ್ದದ್ದು ಭೂಸ್ವಾಧೀನದ ಕೇಸುಗಳು. ಹಾರಂಗಿ ನಾಲೆಗೆ ಹೊಲ ಹೋದ ರೈತ ಹೆಚ್ಚಿನ ಪರಿಹಾರ ಕೇಳಿ ಬರುತ್ತಾನೆ. ಸುತ್ತಲಿನ ಜಮೀನಿನ ಕ್ರಯಪತ್ರಗಳೇ ಬೆಲೆಗೆ ಆಧಾರ. ಆದರೆ ಸ್ಟಾಂಪು ಖರ್ಚು ಉಳಿಸಲು ಊರಿಗೆ ಊರೇ ಕ್ರಯವನ್ನು ಅರ್ಧಕ್ಕೆ ಬರೆಸಿರುತ್ತದೆ. ಆ ಕಾಗದ ಹಿಡಿದು 'ನಿಮ್ಮ ಪಕ್ಕದ ಜಮೀನು ಇಷ್ಟಕ್ಕೇ ಹೋಗಿದೆಯಲ್ಲ' ಎಂದು ಕೇಳುವುದು ನನ್ನ ಕೆಲಸ. ನನಗೂ ಗೊತ್ತು, ಅವನಿಗೂ ಗೊತ್ತು, ನ್ಯಾಯಾಧೀಶರಿಗೂ ಗೊತ್ತು. ಸ್ವಂತ ಮಾವನ ಅರ್ಜಿಯೊಂದು ಬಂದಾಗ ಫೈಲನ್ನು ಬೇರೆಯವರಿಗೆ ವಹಿಸಿ ಎಂದು ಬರೆದುಕೊಟ್ಟೆ. ಮಾವ ಎರಡು ಯುಗಾದಿ ಮನೆಗೆ ಬರಲಿಲ್ಲ.

ಪಿರಿಯಾಪಟ್ಟಣದ ಆ ಹೆಂಗಸಿನ ಕಥೆ ಬಾಕಿ ಇದೆ. ಕೇಸು ಕೂಗಿದಾಗ ನ್ಯಾಯಾಧೀಶರು 'ಒಂದೇ ಮನೆಯವರು, ರಾಜಿ ಆಗುತ್ತದೇನು ನೋಡಿ' ಎಂದರು. ಮೂಳೆ ಮುರಿತದ 325ಕ್ಕೆ ಕೋರ್ಟಿನ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದಿತ್ತು. ಆಕೆ ನನ್ನ ಕಡೆ ತಿರುಗಿದರು.

'ರಾಜಿ ಯಾರು ಮಾಡ್ಬೇಕು ಸಾ? ಸರ್ಕಾರನಾ?'

'ಇಲ್ಲಮ್ಮ. ಅದು ಏಟು ತಿಂದವರ ಕೈಲಿದೆ. ನೀವು ಒಪ್ಪಿದರೆ ಮಾತ್ರ.'

'ಅದು ನಂದೇ?'

'ನಿಮ್ಮದೇ.'

'ಹಂಗಾದ್ರೆ ಬ್ಯಾಡ' ಎಂದು ಕಟಕಟೆ ಹತ್ತಿದರು. ಠಾಣೆಯ ಕನ್ನಡದ ಒಂದು ಪದವೂ ಇಲ್ಲದೆ, ಯಾವ ಕೈಯಲ್ಲಿ ದೊಣ್ಣೆ ಇತ್ತು, ತಾನು ಯಾವ ಕೈ ಅಡ್ಡ ಹಿಡಿದೆ, ಬೇಲಿಯ ಯಾವ ಗೂಟದ ಹತ್ತಿರ ಬಿದ್ದೆ ಎಂದು ನಿಂತಲ್ಲೇ ಮಾಡಿ ತೋರಿಸಿದರು. ಪಾಟಿಸವಾಲು ಹತ್ತು ನಿಮಿಷದಲ್ಲಿ ಮುಗಿಯಿತು. ಆರೋಪಿಗೆ ಶಿಕ್ಷೆಯಾಯಿತು. ದಂಡದ ಹಣದಲ್ಲಿ 3,000 ರೂಪಾಯಿಯನ್ನು ದಂಡ ಪ್ರಕ್ರಿಯಾ ಸಂಹಿತೆಯ 357ನೇ ಕಲಮಿನಡಿ ಆಕೆಗೆ ಪರಿಹಾರವಾಗಿ ಕೊಡಬೇಕೆಂದು ಆದೇಶವಾಯಿತು. ಆ ಕೇಸಿನಲ್ಲಿ ನನ್ನ ವಾದ ಮೂರು ವಾಕ್ಯ.

ನಿವೃತ್ತನಾಗಿ ವರ್ಷಗಳಾದವು. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದು ನಾನು ಕಂಠಪಾಠ ಮಾಡಿದ್ದ ನಂಬರುಗಳೆಲ್ಲ ಕೆಲಸಕ್ಕೆ ಬಾರದಂತಾದವು. 302 ಈಗ 103, 379 ಈಗ 303, 420 ಈಗ 318. ನಮ್ಮೂರಿನ ಅರಳಿಕಟ್ಟೆಯಲ್ಲಿ ಮಾತ್ರ ಮೋಸಗಾರ ಇನ್ನೂ 420ಯೇ. ಹೊಸ ಅಭಿಯೋಜಕರು ಹುಮ್ಮಸ್ಸಿನವರು, ಮೊಬೈಲಿನಲ್ಲೇ ತೀರ್ಪು ತೆಗೆದು ತೋರಿಸುತ್ತಾರೆ. ಹಜಾರದ ಬೆಂಚು ಅದೇ ಇದೆ ಎಂದು ಕೇಳಿದ್ದೇನೆ.

ಆ ಬೆಂಚಿನ ಮೇಲೆ ನೀವೂ ಒಂದು ದಿನ ಕೂರಬೇಕಾಗಬಹುದು. ಸಮನ್ಸ್ ಬಂದರೆ ಹೆದರಿ ಮನೆಯಲ್ಲಿ ಉಳಿಯಬೇಡಿ. ಬರದಿದ್ದರೆ ಮುಂದಿನದು ವಾರಂಟ್. ಹತ್ತು ಗಂಟೆಗೇ ಹೋಗಿ ಎ.ಪಿ.ಪಿ. ಕೊಠಡಿ ಯಾವುದು ಎಂದು ಕೇಳಿ. ನಿಮ್ಮ ಹೇಳಿಕೆಯಲ್ಲಿ ಏನು ಬರೆದುಕೊಂಡಿದ್ದಾರೆ ಎಂದು ವಿಚಾರಿಸಿ. ನೀವು ಹೇಳದೇ ಇದ್ದದ್ದು ಅದರಲ್ಲಿದ್ದರೆ ಆಗಲೇ ಹೇಳಿ. ಕಟಕಟೆಯಲ್ಲಿ ನಿಮ್ಮ ಮನೆಯ ಕನ್ನಡವನ್ನೇ ಆಡಿ. ಬಸ್ ಚಾರ್ಜು, ದಿನದ ಬತ್ತೆ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ, ಸಂಕೋಚವಿಲ್ಲದೆ ಕೇಳಿ. ಎ.ಪಿ.ಪಿ. ಇನ್ನೂ ಬಂದಿಲ್ಲ ಎಂದರೆ ಸ್ವಲ್ಪ ಕಾಯಿರಿ. ಇನ್ನೊಂದು ತಾಲ್ಲೂಕಿನಿಂದ ಬಸ್ಸಿನಲ್ಲಿ ಬರುತ್ತಿರಬಹುದು.